ಹೆಸರು ಬಿಟ್ಟು ಬರೆದದ್ದು

೧೭ ಡಿಸೆಂಬರ್ ೧೯೪೯. ಯಾದಗಿರಿ, ಚಿಕ್ಕಮ್ಮನ ಮನೆ.

ಇವತ್ತೂ ಆಗಲಿಲ್ಲ. ಸ್ಟೇಷನ್ ಮಾಸ್ತರರ ಕೋಣೆಯ ಬಾಗಿಲ ತನಕ ಹೋದೆ. ವಾಕ್ಯ ಬಾಯಿಪಾಠ ಆಗಿತ್ತು — ನಾನು ಹೈದರಾಬಾದಿನಲ್ಲಿ ಇಂಟರ್ ಮೊದಲ ವರ್ಷ, ವಿದ್ಯಾರ್ಥಿಗಳ ವಾರಪತ್ರಿಕೆಗೆ ಬರೆಯುತ್ತೇನೆ, ಸ್ವಲ್ಪ ಮಾತಾಡಬಹುದೇ. ಬಾಯಿಂದ ಬಂದದ್ದು, "ಶಹಾಪುರದ ಬಸ್ಸು ಎಲ್ಲಿ ನಿಂದರ್ತದ್ರಿ?" ಹುಟ್ಟಿದಾಗಿನಿಂದ ನೋಡಿದ ಬಸ್ಸು. ಅವರು ಕೈ ತೋರಿಸಿದರು. ಥ್ಯಾಂಕ್ಯೂ ಸರ್ ಎಂದು ಓಡಿ ಬಂದೆ.

ಆಮೇಲೆ ಅರಿವೆ ಅಂಗಡಿಯ ಮುದುಕರು. ಇವರನ್ನು ಕೇಳಿಯೇಬಿಟ್ಟೆ. ಹೋದ ವರ್ಷ ಹಿಂದೂಸ್ತಾನದ ಫೌಜು ಬಂದಾಗ ನೀವು ಎಲ್ಲಿದ್ದಿರಿ, ಆ ವಾರ ಇಲ್ಲಿ ಏನಾಯಿತು? ಅವರು ಅರಿವೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನೀ ಯಾರ ಕಡಿಯಾಕಿ?"

"ಯಾರ ಕಡಿನೂ ಅಲ್ರಿ. ಸ್ಟೂಡೆಂಟ್."

"ಹಂಗಾರ ಆ ಪೆನ್ನ ಒಳಗಿಡು. ಪೆನ್ನ ಹಿಡದು ಪ್ರಶ್ನಿ ಕೇಳಾವ್ರು ಹಿಂದಿನ ಸರಕಾರದಾಗೂ ಬರ್ತಿದ್ರು, ಈಗಿನ ಸರಕಾರದಾಗೂ ಬರ್ತಾರ. ಒಬ್ಬರೂ ಅರಿವಿ ತಗೊಂಡಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪೆನ್ನು ಒಳಗಿಟ್ಟೆ.

ಪಂಪಣ್ಣನವರಿಗೇನು, ಹೇಳುವುದು ಸುಲಭ. ಪತ್ರಿಕೆಯ ಸಂಪಾದಕರು, ಬಿ.ಎ. ಕೊನೆಯ ವರ್ಷ, ಟೇಬಲ್ಲಿನ ಮೇಲೆ ಕೂತು ಮಾತಾಡುತ್ತಾರೆ. "ನಿಜಾಮರ ರಾಜ್ಯ ಹೋಗಿ ವರ್ಷದ ಮೇಲಾಯಿತು. ಆ ವಾರಗಳಲ್ಲಿ ಹಳ್ಳಿಗಳಲ್ಲಿ ಏನಾಯಿತೆಂದು ಯಾರೂ ಬರೆದಿಲ್ಲ. ರಜೆಗೆ ಊರಿಗೆ ಹೋಗುವವರೆಲ್ಲ ಒಂದು ಇಂಟರ್ವ್ಯೂ ತರಬೇಕು. ಸೋರ್ಸ್ ಎದುರು ಭಯ ತೋರಿಸಬೇಡಿ. ಹೆಸರು ಬೇಡ ಅಂದರೆ ಹೆಸರು ಬದಲಿಸಿ. ಆದರೆ ಡೀಟೇಲ್ಸ್ ತನ್ನಿ, ಡೀಟೇಲ್ಸ್." ಎಲ್ಲರೂ ತಲೆಯಾಡಿಸಿದೆವು.

೧೯ ಡಿಸೆಂಬರ್. ಶಹಾಪುರ.

ಮನೆ. ಹತ್ತಿ ತೂಗಿ ಮಾರಿಸುವ ಅಪ್ಪನ ಅಡತಿ ಅಂಗಡಿಯ ಮುಂದೆ ಗಾಡಿಗಳು, ಬೀದಿ ದಾಟಲು ಆಗುವುದಿಲ್ಲ. ಅವ್ವ ನನ್ನ ಬರಿಗೈ ನೋಡಿ, ಹಾಸ್ಟೆಲ್ಲಿನವರು ಬಳೆಯನ್ನೂ ಕಿತ್ತುಕೊಳ್ಳುತ್ತಾರೇನು ಎಂದು ಮದೀನಾಬೀಯನ್ನು ಕರೆಸಿದಳು. ಬಳೆ ಮಾರುವವಳು. ಸುರಪುರದಲ್ಲಿ ಅಣ್ಣನ ಮನೆಯಲ್ಲಿ ಇರುತ್ತಾಳೆ, ಸುತ್ತ ಎಲ್ಲ ಊರಿಗೂ ನಡೆದೇ ಹೋಗುತ್ತಾಳೆ.

ಕೈ ಹಿಡಿದವಳೇ, "ಬೇಟಿ, ಕೈ ಯಾಕ ನಡಗಾಕತ್ತದ? ಹಿಂಗಾದ್ರ ಬಳಿ ಒಡೀತಾವ," ಅಂದಳು.

ಅವ್ವ ಒಳಗೆ ಹೋಗಿದ್ದಳು. ಏಕೋ ಇವಳಿಗೆ ಹೇಳಿದೆ. ಯಾರನ್ನು ಕೇಳಿದರೂ ಯಾರೂ ಹೇಳುವುದಿಲ್ಲ, ಕೇಳಲು ನನಗೇ ಹೆದರಿಕೆ, ರಜೆ ಮುಗಿದರೆ ಬರಿಗೈಯಲ್ಲಿ ಹೋಗಬೇಕು ಎಂದು. ಅವಳು ನನ್ನ ಕೈಯನ್ನು ಹಿಟ್ಟು ನಾದಿದಂತೆ ಒತ್ತುತ್ತಿದ್ದಳು.

"ನನ್ನ ಅಂಗಡಿ ಇತ್ತು, ಬೋನಾಳ ಕೆರಿ ಆಚಿ ಊರಾಗ. ಸುಟ್ಟ್ರು."

"ಯಾರು?"

"ಮುಷ್ಟಿ ಸಡಲ ಬಿಡು." ಬಳೆ ಒಳಗೆ ಹೋಯಿತು. "ನನ್ನ ಕೇಳಬ್ಯಾಡ. ನನ್ನ ಉಳಿಸಿದಾಕಿ ಒಬ್ಬಾಕಿ ಅದಾಳ. ಆಕೀನ ಕೇಳು. ಆಕಿ ಹೇಳಿದ್ರ ನಾನೂ ಹೇಳಿದಂಗ."

ಇದು ಪಂಪಣ್ಣನವರಿಗೆ ಗೊತ್ತಿಲ್ಲದ ದಾರಿ. ಸೋರ್ಸಿನ ಬಾಗಿಲು ಬಡಿಯುವುದಲ್ಲ, ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಬೇಕು.

೨೨ ಡಿಸೆಂಬರ್. ಸಂಜೆ.

ಬೋನಾಳ ಕೆರೆಗೆ ಹೋಗಿಬಂದೆ. ಹಕ್ಕಿ ನೋಡಲು ಎಂದು ಅಪ್ಪನಿಗೆ ಹೇಳಿದ್ದೆ. ಹಕ್ಕಿಗಳೂ ಇದ್ದವು. ಸುರಪುರದ ತನಕ ಬಸ್ಸು, ಮುಂದೆ ಯಾರದೋ ಗಾಡಿ. ಮದೀನಾಬೀ ಜೊತೆಗಿದ್ದಳು.

ಅವಳನ್ನು ಉಳಿಸಿದವಳು ಮಲಕಮ್ಮ, ಕುರಿಯವಳು. ಗಂಡ ಅಯ್ಯಣ್ಣನಿಗಿಂತ ಒಂದು ಗೇಣು ಎತ್ತರ. ಕೆರೆಯ ಆಚೆ ದಂಡೆಯ ಊರಿನ ಧಣಿಯ ಹೊಲದಲ್ಲಿ ಅವರ ಕುರಿ ರಾತ್ರಿ ಮಲಗುತ್ತವೆ. ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಒಂದೇ ಕಿವಿಯ ನಾಯಿ ನನ್ನನ್ನು ಹತ್ತಿರ ಬಿಡಲಿಲ್ಲ.

"ಅದಕ್ಕೂ ಹೆದರ್ತಿ?" ಮಲಕಮ್ಮ ನಕ್ಕಳು. "ಅದರ ಇನ್ನೊಂದ ಕಿವಿ ತ್ವಾಳ ತಿಂದೈತಿ. ಅದೇ ನಿನಗ ಹೆದರಾಕತ್ತೈತಿ."

ಪೆನ್ನು ತೆಗೆಯಲಿಲ್ಲ. ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ತಿಂದೆ. ತಿಂದು ಕೈ ತೊಳೆದ ಮೇಲೆ ಅವಳೇ ಶುರು ಮಾಡಿದಳು.

ಹೋದ ವರ್ಷ ಫೌಜು ಬಂದ ವಾರ. ಹಳೆಯ ಸರಕಾರ ಹೋಗಿತ್ತು, ಹೊಸದು ಇನ್ನೂ ಊರಿಗೆ ಮುಟ್ಟಿರಲಿಲ್ಲ. ಒಂದು ಸಂಜೆ ಮದೀನಾಬೀಯ ಬಳೆ ಅಂಗಡಿಗೆ ಬೆಂಕಿ ಬಿತ್ತು. ಗಂಡ ಮೊದಲೇ ತೀರಿಹೋಗಿದ್ದ. ಮಗಳನ್ನು ಎಳೆದುಕೊಂಡು ಕೆರೆಯ ಜೊಂಡಿನಲ್ಲಿ ಹಾದು ಇಲ್ಲಿಗೆ ಬಂದಳು. ಮಲಕಮ್ಮ ಮಗಳನ್ನು ಕುರಿಮರಿ ಮುಚ್ಚುವ ದೊಡ್ಡ ಬುಟ್ಟಿಯ ಕೆಳಗೆ ಕೂರಿಸಿದಳು. ತಾಯಿಯನ್ನು ಕುರಿಗಳ ನಡುವೆ ಮಲಗಿಸಿ ಕಂಬಳಿ ಎಳೆದಳು. ಸ್ವಲ್ಪ ಹೊತ್ತಿಗೆ ಧಣಿ ಬಂದ, ಆಳುಗಳ ಜೊತೆ. ಹುಡುಕಲು ಅಲ್ಲ. ಹಾಲು ಕುಡಿಯಲು.

"ನೀ ಕುಂತಲ್ಲೇ ಕುಂತಿದ್ದ. ಮೈಯೆಲ್ಲ ದೀಪದ ಘಾಸ್ಲೇಟ ಎಣ್ಣಿ ವಾಸನಿ. ನಕ್ಕೋತ ಅಂದ, ನಾನೇ ಕಡ್ಡಿ ಕೊರದೆ ಮಲಕಿ, ಬಳಿ ಸುಟ್ಟ್ರ ಕಡ್ಲಿ ಹುರದಂಗ ಸಪ್ಪಳ ಬರ್ತೈತಿ ನೋಡು ಅಂತ. ಈಕಿ ಕಂಬಳಿ ತಳಗ ಕೇಳ್ಕೋತ ಮಲಗಿದ್ಲು."

ನಾನು ಕೂತ ಜಾಗದಿಂದ ಸ್ವಲ್ಪ ಸರಿದೆ. ಗೊತ್ತಿಲ್ಲದೆ ಸರಿದೆ.

ಮುಂದಿನ ವಾರ ಆ ಧಣಿಯೇ ಮದೀನಾಬೀಗೆ ಒಂದು ಚೀಲ ಜೋಳ ಕಳಿಸಿದನಂತೆ. ಹೊರಗಿನ ಪುಂಡರು ಸುಟ್ಟರು ಎಂದು ಎಲ್ಲರ ಎದುರು ಮರುಗಿದನಂತೆ. ಅವಳು ಕೇಳಿಸಿಕೊಂಡಿದ್ದಾಳೆ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಊರಿನ ಶಾಂತಿ ಕಮಿಟಿಗೆ ಅವನೇ ಮುಖ್ಯಸ್ಥ ಆಗುವವನು.

"ಹೆಸರ ಬರೀತೀಯೇನವ್ವ?" ಮಲಕಮ್ಮ ಕೇಳಿದಳು.

"ಇಲ್ಲ. ಪ್ರಾಮಿಸ್."

"ಅದೇನೋ ನನಗ ತಿಳೀವಲ್ದು. ಅವಗ ಗುರ್ತ ಹತ್ತಬಾರ್ದು, ಅಷ್ಟೇ. ಕುರಿ ಅವನ ಹೊಲದಾಗ ಮಲಗ್ತಾವ, ನಾವೂ ಅಲ್ಲೇ ಮಲಗ್ತೇವಿ."

ಧಣಿಯ ಹೆಸರು ಹೇಳಿದಳು. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

೨೩ ಡಿಸೆಂಬರ್.

ಒಂದೇ ಸಿಟ್ಟಿಂಗಿನಲ್ಲಿ ಬರೆದೆ. ಇಷ್ಟು ಚೆನ್ನಾಗಿ ಯಾವತ್ತೂ ಬರೆದಿಲ್ಲ, ಜಂಬ ಅಲ್ಲ. ಮಲಕಮ್ಮ ಗಂಗಮ್ಮ ಆದಳು. ಮದೀನಾಬೀ "ಒಬ್ಬ ಬಳೆಗಾರ ಹೆಂಗಸು". ಧಣಿ "ಒಬ್ಬ ದೊಡ್ಡ ಮನುಷ್ಯ". ಡೀಟೇಲ್ಸ್ ಎಲ್ಲ ಬಂದಿವೆ — ಕೆರೆ, ಹಕ್ಕಿ, ಗಂಡನಿಗಿಂತ ಎತ್ತರದ ಹೆಂಗಸು, ನಾಯಿಯ ಕಿವಿ, ಮರಿಬುಟ್ಟಿ, ಕಡಲೆಯ ಸಪ್ಪಳ. ಪೋಸ್ಟ್ ಮಾಡಿ ಬಂದೆ. ಡಬ್ಬಿಯೊಳಗೆ ಬಿದ್ದ ಸದ್ದು ಕೇಳುವ ತನಕ ನಿಂತಿದ್ದೆ.

೩ ಜನವರಿ ೧೯೫೦.

ಪತ್ರಿಕೆ ಬಂತು. ಮೂರನೇ ಪುಟ, ನನ್ನ ಹೆಸರು ದಪ್ಪಕ್ಷರ. ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ಕನ್ನಡಕ ಏರಿಸಿ ಓದಿದರು. ಮೊದಲು ಮುಖ ಅರಳಿತ್ತು. ಅರ್ಧಕ್ಕೆ ಬಂದಾಗ ಅಲ್ಲೇ ನಿಂತಿತು.

"ಇದು ಕೆರಿ ದಂಡಿ ಉದ್ದನ್ನ ಕುರಿಯಾಕಿ ಸುದ್ದಿ ಅಲ್ಲೇನು?"

"ಹೆಸರು ಬದಲಿಸೀನಪ್ಪ. ಗಂಗಮ್ಮ ಅಂತ ಬರ್ದೀನಿ."

"ಆಕಿ ಹೆಸರೇನು ಅಂತ ನನಗೇನು ಗೊತ್ತು? ಗಂಡನಕಿಂತ ಎತ್ತರ, ಒಂದು ಕಿವಿ ನಾಯಿ, ಬೋನಾಳ ಕೆರಿ. ಇನ್ನೇನು ಉಳೀತು? ಇಲ್ಲಿ ಯಾರನ್ನ ಯಾರು ಹೆಸರಿನ ಮ್ಯಾಲ ಗುರ್ತು ಹಿಡೀತಾರವಾ? ಕಸುಬು, ಕುಂಟ ಕಾಲು, ಮೆಳ್ಳಗಣ್ಣು... ಹೆಸರು ಇರೋದು ನಿಮ್ಮ ಹಾಸ್ಟೆಲ್ ಹಾಜರಿ ಪುಸ್ತಕದಾಗ."

ಹಾಸ್ಟೆಲ್ಲಿನಲ್ಲಿ ಹೆಸರು ಕೂಗಿದರೆ ಯೆಸ್ ಮಿಸ್ ಎನ್ನಬೇಕು. ಹೆಸರು ಇಲ್ಲದಿದ್ದರೆ ಮನುಷ್ಯ ಇಲ್ಲ. ಎಲ್ಲ ಕಡೆಯೂ ಹಾಗೇ ಎಂದುಕೊಂಡಿದ್ದೆ.

"ಈ ದೊಡ್ಡ ಮನುಷ್ಯ ಯಾರು?"

ಕಿವಿಯ ಹತ್ತಿರ ಹೋಗಿ ಹೇಳಿದೆ. ಅಪ್ಪ ಕನ್ನಡಕ ತೆಗೆದರು.

"ಅವನ ಹತ್ತಿ ನಮ್ಮ ಅಂಗಡಿಗೇ ಬರೋದು."

ಟೆಲಿಗ್ರಾಂ ಕೊಟ್ಟು ಏನು ಪ್ರಯೋಜನ. ಅಚ್ಚಾಗಿದೆ. ಈ ಕಡೆ ಎಷ್ಟು ಪ್ರತಿ ಬಂದಿರಬಹುದು? ಬೆರಳೆಣಿಕೆ. ಯಾರು ಓದುತ್ತಾರೆ ಒಂದು ಸ್ಟೂಡೆಂಟ್ ಪೇಪರು. ಯಾರೂ ಓದುವುದಿಲ್ಲ. ಯಾರೂ ಓದದಿರಲಿ ಶಿವನೇ.

೪ ಜನವರಿ.

ಧಣಿ ಬಂದಿದ್ದ.

ಹತ್ತಿ ತೂಕ ಮುಗಿಸಿ ಗಾದಿಯ ಮೇಲೆ ಕೂತಿದ್ದನಂತೆ. ನಮ್ಮ ಗುಮಾಸ್ತ, ಪಾಪ, ಖುಷಿಯಿಂದ ಹೇಳಿಬಿಟ್ಟಿದ್ದಾನೆ, ಸಾವ್ಕಾರ್ರ ಮಗಳು ಪೇಪರಿನಾಗ ಬರ್ದಾಳ್ರಿ ಎಂದು. ನಾನು ಹೋದಾಗ ಪತ್ರಿಕೆ ಅವನ ತೊಡೆಯ ಮೇಲಿತ್ತು. ಹಳೆಯ ಸರಕಾರದಲ್ಲಿ ಉರ್ದು ಕಲಿತವನು. ಕನ್ನಡ ಅಕ್ಷರ ಬರುವುದಿಲ್ಲ.

"ಹುಡುಗಿ ಏನೋ ಗೀಚ್ಯಾಳ, ಬಿಡ್ರಿ ಧಣೇರ," ಅಪ್ಪ ಅಂದರು.

"ಬಿಡೋದೇನು ಲಿಂಗಣ್ಣ? ಇನ್ನ ಮುಂದ ಎಲ್ಲಾ ಕನ್ನಡದಾಗೇ ನಡಿಯೋದು. ನಾವು ಓದಿದ್ದೆಲ್ಲ ನೀರಾಗ ಹೋತು. ಬಾ ಮಗಳ. ಓದು, ಕೇಳೂಣು."

ನಗುಮುಖ. ಎಲೆ ಅಡಿಕೆ ಜಗಿಯುತ್ತಿದ್ದ. ನಾನು ನಿಂತೇ ಓದಿದೆ. ಮೊದಲ ಪ್ಯಾರಾದಲ್ಲಿ ಏನೂ ಇರಲಿಲ್ಲ, ಸರಿಯಾಗಿ ಓದಿದೆ. ಎರಡನೆಯದರಲ್ಲಿ ಕೆರೆ ಬಂತು. ಭೀಮಾ ನದಿ ಎಂದೆ. ಬಳೆ ಅಂಗಡಿಯನ್ನು ಕಿರಾಣಿ ಮಾಡಿದೆ. ಎತ್ತರದ ಕುರಿಯವಳು ನೇಕಾರರ ಮುದುಕಿ ಆದಳು. ನಾಯಿಯನ್ನು ಬಿಟ್ಟು ಓದಿದೆ. ಕಡಲೆಯ ಸಪ್ಪಳವನ್ನೂ ಬಿಟ್ಟೆ. ಕಣ್ಣು ಒಂದು ಓದುತ್ತಿತ್ತು, ಬಾಯಿ ಇನ್ನೊಂದು. ಅಪ್ಪ ನೆಲ ನೋಡುತ್ತಿದ್ದರು. ಬುಟ್ಟಿ ಬಂತು. ಬುಟ್ಟಿಗೆ ಬದಲು ಏನೂ ಹೊಳೆಯಲಿಲ್ಲ. ನಮ್ಮ ಹಿತ್ತಲಲ್ಲಿ ಜೋಳ ತುಂಬುವ ನೆಲದೊಳಗಿನ ಹಗೇವು ನೆನಪಾಯಿತು. ಓದಿದೆ — ತಾಯಿ ಮಗಳಿಬ್ಬರನ್ನೂ ಹಗೇವಿನೊಳಗೆ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿ, ಬೆಳಗಿನ ತನಕ ಕಾಪಾಡಿದಳು.

ಜಗಿಯುವುದು ನಿಂತಿತು.

"ಹಗೇವಿನಾಗ? ಕಲ್ಲ ಮುಚ್ಚಿ?"

"ಹೌದ್ರಿ."

"ಲಿಂಗಣ್ಣ, ನಿನ್ನ ಮಗಳು ಪೂರಾ ಹಾಸ್ಟೆಲ್ಲಿನಾಗೇ ಬೆಳದಾಳ ನೋಡು." ನಕ್ಕ. "ಹಗೇವ ತೆಗದ್ರ ಎಷ್ಟೋ ಹೊತ್ತು ಬಾಯಿ ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಆರಲಿಲ್ಲಂದ್ರ ಆಳ ಇಳೀತಾನ ಮಗಳ. ಒಳಗ ಗಾಳಿ ಇರಂಗಿಲ್ಲ. ಮುಚ್ಚಿದ ಹಗೇವಿನಾಗ ಬೆಳಗಾನ ಉಳದವ್ರು ಯಾರೂ ಇಲ್ಲ. ಯಾರೋ ನಿನಗ ಸುಳ್ಳ ಹೇಳ್ಯಾರ. ಇಲ್ಲಾ, ಅಲ್ಲಿ ಬ್ಯಾರೇನೋ ಬರ್ದದ."

ಕೈ ಚಾಚಿದ. ಕೊಟ್ಟೆ. ಏಕೆ ಕೊಟ್ಟೆ? ಹರಿದು ಹಾಕಬಹುದಿತ್ತು, ಓಡಬಹುದಿತ್ತು. ಹಿರಿಯರು ಕೈ ಚಾಚಿದರೆ ಕೊಡುವುದನ್ನೇ ಕಲಿತಿದ್ದೇನೆ. ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡ.

"ನಮ್ಮೂರ ಮಾಸ್ತರ ಚಲೋ ಓದ್ತಾನ. ಅಳಬ್ಯಾಡ ಮಗಳ. ಅಳೂವಂಥದ್ದೇನಾತು?"

ಅಳುತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸುರಪುರದ ಬಸ್ಸು ಇನ್ನೂ ಇತ್ತು. ಈಗಲೂ ಇದೆ. ಹೋಗಬೇಕು. ಮಲಕಮ್ಮನಿಗೆ ಮೊದಲೇ ಹೇಳಿ ಎಚ್ಚರಿಸಬೇಕು. ನಾಳೆ ಖಂಡಿತ.

೭ ಜನವರಿ.

ಬರೆದಿಲ್ಲ. ಹೋಗಲೂ ಇಲ್ಲ. ಜ್ವರ ಎಂದೆ ಅವ್ವನಿಗೆ. ಮೈ ತಣ್ಣಗಿತ್ತು, ಅವ್ವನಿಗೂ ಗೊತ್ತಾಗಿತ್ತು. ದಿನಾ ಬಸ್ಸಿನ ಹಾರನ್ ಕೇಳಿಸಿತು. ದಿನಾ ಚಾದರ ಎಳೆದುಕೊಂಡೆ.

ಇವತ್ತು ಬೆಳಿಗ್ಗೆ ಆ ಕಡೆಯ ಗಾಡಿಯವನೊಬ್ಬ ಅಂಗಡಿಯಲ್ಲಿ ಹೇಳಿದ, ಕೆರೆ ದಂಡೆಯ ಕುರಿಯವರನ್ನು ಧಣಿಯ ಆಳುಗಳು ಹೊಡೆದು ಎಬ್ಬಿಸಿದರು ಎಂದು. ಅಪ್ಪ ಒಳಗೆ ಬಂದು ನನ್ನ ಚಾದರ ತೆಗೆದರು. "ಏಳು. ಚಪ್ಪಲಿ ಹಾಕ್ಕೋ."

ಕೊಡೇಕಲ್ಲಿನ ದಾರಿಯಲ್ಲಿ ಸಿಕ್ಕರು. ಕುರಿಗಳು ಧೂಳಿನೊಳಗೆ ಗುಂಪಾಗಿ ಹೋಗುತ್ತಿದ್ದವು. ಕತ್ತೆಯ ಎರಡೂ ಬದಿಗೆ ಬುಟ್ಟಿ, ಬುಟ್ಟಿಯಲ್ಲಿ ಈಗ ಹುಟ್ಟಿದ ಮರಿಗಳು. ಅಯ್ಯಣ್ಣನ ಬಲಗೈ ಪಂಚೆಯ ತುಂಡಿನಲ್ಲಿ ಕುತ್ತಿಗೆಗೆ ಕಟ್ಟಿತ್ತು. ನಾಯಿ ಕಾಣಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಮಲಕಮ್ಮ ನನ್ನನ್ನು ನೋಡಿದಳು. ನಡೆಯುವುದನ್ನು ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲೇ ಓಡಿದೆ.

"ಹೆಸರು ಬರೆದಿರಲಿಲ್ಲ ಮಲಕಮ್ಮ."

"ಬರದಿಲ್ಲಂತ. ಮಾಸ್ತರ ಓದ್ಯಾನ. ನನ್ನ ನಾಯಿ ಕಿವಿ ಸುದ್ದೀನೂ ಓದ್ಯಾನ. ಊರ ಮಂದಿ ಎಲ್ಲಾ ಕೂಡಿ ಕೇಳ್ಯಾರ. ಕೆಲವರು ನಕ್ಕಾರ."

"ತಪ್ಪಾತು."

"ನೀ ಕೇಳಿದಿ, ನಾ ಹೇಳಿದ್ನಿ. ಈಗ ಮಾತ ಬೆಳಸಬ್ಯಾಡ, ಕುರಿ ಬೆದರ್ತಾವ." ಸ್ವಲ್ಪ ದೂರ ಹೋದ ಮೇಲೆ ತಿರುಗಿ ಅಂದಳು, "ಮದೀನಾಗ ಹೇಳು. ಆಕಿ ಸುರಪುರದಾಗ ಯಾವ ಓಣ್ಯಾಗ ಇರ್ತಾಳ ಅಂತ ಕೇಳಾಕತ್ತಿದ್ರು. ನಾವು ಹೇಳಿಲ್ಲ. ಇವನ ಕೈ ಅದಕ್ಕೇ ಮುರದದ್ದು."

೮ ಜನವರಿ. ಸುರಪುರ, ಮದೀನಾಬೀಯ ಅಣ್ಣನ ಮನೆ.

ಹೇಳಿದೆ, ಎಲ್ಲಾ. ಹಗೇವಿನದೂ, ಚಾದರದ್ದೂ. ಮದೀನಾಬೀ ಬೈಯಲಿಲ್ಲ. ಬೈದಿದ್ದರೆ ಸುಲಭ ಇತ್ತು. ಅವಳ ಅಣ್ಣ, ಇವತ್ತೇ ಗುಲಬರ್ಗಾಕ್ಕೆ ಹೋಗಿಬಿಡು, ಸಂಬಂಧಿಕರು ಇದ್ದಾರೆ ಅಂದ. ಅವಳು ಬಳೆಗಳನ್ನು ಮಲಾರದ ಹಗ್ಗಕ್ಕೆ ಪೋಣಿಸುತ್ತಾ ಕೇಳಿದಳು.

"ಗುಲಬರ್ಗಾದಾಗ ಯಾವ ಕಂಬಳಿ ತಳಗ ಮಲಗಬೇಕು?"

ಅಣ್ಣ ಅವಳ ಕೈಯಿಂದ ಜಾರಿದ ಬಳೆಯೊಂದನ್ನು ಎತ್ತಿಕೊಟ್ಟ.

ಊರ ಹೊರಗಿನ ಬಂಗಲೆಯಲ್ಲಿ ಒಬ್ಬ ಹೊಸ ಆಫೀಸರು ಬಂದು ಇಳಿದಿದ್ದಾರೆ. ಮದ್ರಾಸ್ ಕಡೆಯವರು. ಆ ವಾರಗಳಲ್ಲಿ ಯಾರದು ಏನು ಹೋಯಿತು, ಯಾರು ಮಾಡಿದರು, ಬಂದು ಹೇಳಿರಿ ಎಂದು ಡಂಗುರ ಹೊಡೆಸಿದ್ದಾರೆ. ಮದೀನಾಬೀ ಹಿಂದೊಮ್ಮೆ ಬಂಗಲೆಯ ಗೇಟಿನ ತನಕ ಹೋಗಿ ತಿರುಗಿ ಬಂದಳಂತೆ. ಆಫೀಸರಿಗೆ ಕನ್ನಡ ಬರುವುದಿಲ್ಲ, ಉರ್ದುವೂ ಅಷ್ಟಕ್ಕಷ್ಟೇ. ಇಂಗ್ಲಿಷಿಗೆ ತಿರುಗಿಸಿ ಹೇಳಲು ಊರಿನವನೊಬ್ಬ ಇದ್ದಾನೆ. ಧಣಿಯ ಬೀಗ.

"ನಿನಗ ಇಂಗ್ಲಿಷ್ ಬರ್ತದಲ್ಲಾ ಬೇಟಿ," ಅಂದಳು.

"ಅರ್ಧ ಬರ್ತದ."

"ಅಂವ ತಿರಗಿಸಿದ್ರ ಅಷ್ಟೂ ಉಳಿಯಂಗಿಲ್ಲ."

ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ನಾನು ಹೊರಗೆ ಬಂದಾಗ ಬೀದಿ ನೋಡುತ್ತಾ ಹೇಳಿದರು, "ಬ್ಯಾಡ ಅಂತ ನಾ ಅನ್ನಂಗಿಲ್ಲ. ಹೋಗು ಅಂತನೂ ಅನ್ನಂಗಿಲ್ಲ. ನಾಳಿಂದ ನಮ್ಮ ಅಂಗಡಿಗಿ ಯಾರ ಗಾಡಿ ಬರ್ತಾವ, ಯಾರದು ಬರಂಗಿಲ್ಲ, ಅದು ನನಗ ಗೊತ್ತದ. ಅದಕ್ಕಿಂತ ಹೆಚ್ಚಿಂದು ಏನ ಆಗ್ತದ, ಅದು ಗೊತ್ತಿಲ್ಲ."

೯ ಜನವರಿ. ಬೆಳಿಗ್ಗೆ. ಬಂಗಲೆಯ ಪಡಸಾಲೆ.

ಆಫೀಸರು ತಿಂಡಿ ತಿನ್ನುತ್ತಿದ್ದಾರೆ. ಕಾಯಿರಿ ಅಂದರು. ಕೂತಿದ್ದೇವೆ. ಮದೀನಾಬೀ ಕಪ್ಪು ಬುರ್ಖಾದಲ್ಲಿ, ಮುಖ ತೆರೆದಿದ್ದಾಳೆ. ಪಕ್ಕದಲ್ಲಿ ಮಗಳು. ಹದಿಮೂರು ಇರಬಹುದು, ನನ್ನ ಪೆನ್ನನ್ನೇ ನೋಡುತ್ತಿದ್ದಾಳೆ. ಸುಮ್ಮನೆ ಕೂರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಧಣಿಯ ಬೀಗ ಕಂಬಕ್ಕೆ ಒರಗಿ ನಿಂತಿದ್ದಾನೆ. ಈಗಷ್ಟೇ ಮಾತಾಡಿಸಿದ.

"ಲಿಂಗಣ್ಣನ ಮಗಳಲ್ಲಾ ನೀ? ನಿನಗೇನವಾ ಕೆಲಸ ಇಲ್ಲಿ?"

"ಇಂಗ್ಲಿಷ್ ಹೇಳೋದ್ರಿ."

"ನಾನಿಲ್ಲೇನು ಅದಕ್ಕ?"

"ನೀವದೀರಿ. ಆಕಿ ನನ್ನ ಕರಕೊಂಡು ಬಂದಾಳ."

ಧ್ವನಿ ನನ್ನದೇ, ಆದರೆ ಯಾರದೋ ಥರ ಇತ್ತು. ಅವನು ಒಬ್ಬ ಹುಡುಗನ ಕಿವಿಯಲ್ಲಿ ಏನೋ ಹೇಳಿ ಸೈಕಲ್ಲಿನ ಮೇಲೆ ಕಳಿಸಿದ. ಯಾವ ಕಡೆಗೆ ಎಂದು ಕೇಳಬೇಕಾಗಿಲ್ಲ. ಸೈಕಲ್ಲು ಬೋನಾಳದ ದಾರಿ ಹಿಡಿಯಿತು.

ಮದೀನಾಬೀ ಅಂದಳು, "ನಾ ಅಂದಿದ್ದೇ ಅನ್ನು. ಬದಲ ಮಾಡಬ್ಯಾಡ."

ಮಾಡುವುದಿಲ್ಲ. ಆದರೆ ಜೊಂಡಿಗೆ ಇಂಗ್ಲಿಷಿನಲ್ಲಿ ಏನು? ಮರಿಬುಟ್ಟಿಗೆ? ಕಡಲೆ ಹುರಿಯುವ ಸಪ್ಪಳ — ಅದನ್ನು ಆಫೀಸರು ಯಾವತ್ತಾದರೂ ಕೇಳಿದ್ದಾರೋ ಇಲ್ಲವೋ. ಕಂಬಳಿ ಗೊತ್ತು. ಕಡ್ಡಿ ಕೊರೆದೆ ಎಂಬುದಕ್ಕೆ "ಐ ಲಿಟ್ ಇಟ್". ಸರಿ ತಾನೇ? ಹಾಸ್ಟೆಲ್ಲಿನ ವಾರ್ಡನ್ ಇದ್ದಿದ್ದರೆ ಕೇಳಬಹುದಿತ್ತು.

ಜವಾನ ಬಂದು ಹೇಳಿಹೋದ. ಒಳಗೆ ಹೋದ ಕೂಡಲೇ ಮೊದಲು ಮಾತನ್ನು ಇಂಗ್ಲಿಷಿಗೆ ತಿರುಗಿಸುವವರ ಹೆಸರು, ತಂದೆಯ ಹೆಸರು, ಊರು. ಸ್ಪಷ್ಟವಾಗಿ ಹೇಳಬೇಕು, ಸಾಹೇಬರು ಬರೆದುಕೊಳ್ಳುತ್ತಾರೆ. ಆಮೇಲೆ ಉಳಿದದ್ದು.

ಅಪ್ಪ ಗೇಟಿನ ಆಚೆ, ಬೇವಿನ ಮರದ ಕೆಳಗೆ ನಿಂತಿದ್ದಾರೆ. ಒಳಗೆ ಬರಲಿಲ್ಲ. ಮನೆಗೂ ಹೋಗಲಿಲ್ಲ.

ಒಳಗೆ ಕುರ್ಚಿ ಸರಿದ ಸದ್ದು. ಮದೀನಾಬೀ ಎದ್ದಳು. ಮನಸ್ಸಿನಲ್ಲಿ ಒಂದು ಸಲ ಅಂದುಕೊಳ್ಳುತ್ತೇನೆ, ನಾಲಿಗೆ ತೊದಲಬಾರದು — ಮೈ ನೇಮ್ ಈಸ್ ದೇವಕ್ಕ. ಡಾಟರ್ ಆಫ್ —